ಕೆಂಪು ಅರಗಿನ ಬೊಟ್ಟು

ನಾನು ಒಂದು ಬಿಳಿ ಕಾರು. ಎರಡು ಸಲ ಬಿಳಿ ಬಣ್ಣ ಬಳಿಸಿಕೊಂಡಿದ್ದೇನೆ. ಮೊದಲನೆಯದು ಕಾರ್ಖಾನೆಯಲ್ಲಿ ಅಂದಕ್ಕೆ ಹಚ್ಚಿದ್ದು, ಎರಡನೆಯದು ಮುಚ್ಚಿಡುವುದಕ್ಕೆ ಹಚ್ಚಿದ್ದು. ಆ ಎರಡನೆಯ ಬಣ್ಣ ಬಿದ್ದಂದಿನಿಂದ ನನಗೆ ಯಾರ ಮೇಲೂ ನಂಬಿಕೆಯಿಲ್ಲ. ಬಾನೆಟ್ ಎತ್ತಿದವನ ಕೈ ಎಲ್ಲಿಗೆ ಹೋಗುತ್ತದೆ ಎಂದು ಮೊದಲು ನೋಡುತ್ತೇನೆ, ಮುಖ ಆಮೇಲೆ.

ಹುಟ್ಟುವಾಗ ಈ ಚಾಳಿ ಇರಲಿಲ್ಲ. ಕಾರ್ಖಾನೆಯಲ್ಲಿ ನನ್ನೊಳಗೆ ಎಂಜಿನ್ ಇಳಿಸಿ ಬೋಲ್ಟು ಬಿಗಿದ ದಿನ ನನ್ನಷ್ಟು ಸುಖಿ ಯಾರೂ ಇಲ್ಲ ಅಂದುಕೊಂಡಿದ್ದೆ. ಹುಬ್ಬಳ್ಳಿಯ ಹಲ್ಲಿನ ಡಾಕ್ಟರೊಬ್ಬರು ನನ್ನನ್ನು ಕೊಂಡು, ಟೈರಿನ ಕೆಳಗೆ ನಿಂಬೆಹಣ್ಣಿಟ್ಟು ಹೊರಡಿಸಿದರು. ನಾಲ್ಕು ವರ್ಷ ಚೆನ್ನಾಗಿಯೇ ಕಳೆಯಿತು. ಐದನೆಯ ವರ್ಷ ಅಡ್ಡ ಬಂದ ಎಮ್ಮೆಯನ್ನು ತಪ್ಪಿಸಲು ಹೋಗಿ ನನ್ನನ್ನು ಸೇತುವೆಯ ಗೋಡೆಗೆ ಗುದ್ದಿಸಿದರು. ಅವರ ಕೈ ಮುರಿಯಿತು, ನನ್ನ ಮೂತಿ ಒಳಗೆ ಹೋಯಿತು. ಎಮ್ಮೆ ತಿರುಗಿಯೂ ನೋಡದೆ ತನ್ನ ದಾರಿ ಹಿಡಿಯಿತು.

ಹಳೇ ಕಾರು ಮಾರುವವನೊಬ್ಬ ನನ್ನನ್ನು ಎಳೆಸಿಕೊಂಡು ಹೋದ. ಬಡಿದು, ಜಗ್ಗಿ, ತಗ್ಗುಗಳಿಗೆ ಪುಟ್ಟಿ ಮೆತ್ತಿ, ಬಣ್ಣ ಹೊಡೆಸಿದ. ಎಂಜಿನ್ನನ್ನು ಹೊರುವ ಎಡಗಡೆಯ ಕಬ್ಬಿಣದ ತೊಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅದರ ಮೇಲೂ ಪುಟ್ಟಿ ಬಿತ್ತು, ಬಣ್ಣ ಬಿತ್ತು. ಅವನಿಗೆ ಅದು ಗೊತ್ತಿತ್ತೋ ಇಲ್ಲವೋ, ನನಗಂತೂ ಗೊತ್ತಿತ್ತು. ಕೊಳ್ಳುವವರು ಓಡಿಸಿ ನೋಡುವಾಗ ಯಾರೂ ಕೊಳ್ಳದಿದ್ದರೆ ಗುಜರಿಯೇ ಗತಿಯೆಂದು ಹಲ್ಲು ಕಚ್ಚಿಕೊಂಡು ಸದ್ದು ತಡೆದೆ. ಗುಜರಿ ಅಂಗಡಿಯ ಗೇಟಿನವರೆಗೆ ಹೋಗಿ ಬಂದವರಿಗೆ ಮಾತ್ರ ಆ ಭಯ ಗೊತ್ತು.

ಹಾಗೆ ನನ್ನನ್ನು ಕೊಂಡವನು ಅಣ್ಣಿಗೇರಿಯ ಈರಪ್ಪ ಬಡಿಗೇರ. ಅವನದು ಪೇಟಿ ರಿಪೇರಿಯ ಕೆಲಸ. ಹಾರ್ಮೋನಿಯಮ್ಮಿಗೆ ಆ ಕಡೆ ಪೇಟಿ ಎನ್ನುತ್ತಾರೆ. ಹೆಂಡತಿ ಕಾಶವ್ವನಿಗೆ ಮೂತ್ರಪಿಂಡ ಕೈಕೊಟ್ಟಿತ್ತು. ಮಂಗಳವಾರ, ಶುಕ್ರವಾರ ತಪ್ಪದೆ ಹುಬ್ಬಳ್ಳಿಗೆ ಹೋಗಿ ಡಯಾಲಿಸಿಸ್ ಮಾಡಿಸಲೇಬೇಕು. ಅದಕ್ಕೇ ನಾನು. ಬಸ್ಸಿನಲ್ಲಿ ನಿಂತು ಬರಲು ಅವಳಿಗೆ ಆಗುತ್ತಿರಲಿಲ್ಲ. ಬರುವಾಗ ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಮಲಗಿ ನಿದ್ದೆ ಹೋಗುತ್ತಿದ್ದಳು. ಈರಪ್ಪ ಮಾತ್ರ ನನ್ನ ಪ್ರತಿ ಸದ್ದಿಗೂ ಕಿವಿ ಕೊಟ್ಟೇ ಓಡಿಸುತ್ತಿದ್ದ.

ದಾರಿಯುದ್ದಕ್ಕೂ ಅವನು ಹೇಳಿಕೊಳ್ಳುವ ದುಃಖವೊಂದಿತ್ತು. ಪೇಟಿಯನ್ನು ರಿಪೇರಿಗೆ ಕೊಡುವ ಮುನ್ನ ಕೆಲವು ಗವಾಯಿಗಳು ಒಳಗಿನ, ಸ್ವರ ಹೊರಡಿಸುವ ಹಿತ್ತಾಳೆಯ ಪಟ್ಟಿಗಳಿಗೆ ಕದ್ದು ಗುರುತು ಹಾಕಿರುತ್ತಿದ್ದರು, ಒಳ್ಳೆಯದನ್ನು ತೆಗೆದು ಕೆಟ್ಟದ್ದನ್ನು ಕೂಡಿಸಿಯಾನೆಂದು. "ನಲವತ್ತು ವರ್ಷ ಆತು, ಇನ್ನೂ ನನ್ನ ಕೈ ಮ್ಯಾಲೆ ನಂಬಿಗಿ ಇಲ್ಲ ನೋಡು," ಎನ್ನುತ್ತಿದ್ದ. ಅಂಥ ಗುರುತು ಕಂಡ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ.

ಎರಡು ವರ್ಷಕ್ಕೆ ನನ್ನ ಹಲ್ಲು ಸಡಿಲಾಯಿತು. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಮುಂದೆ ಟಕ್ ಎನ್ನತೊಡಗಿತು. ಈರಪ್ಪ ಕಾಶವ್ವನನ್ನೂ ಕೂರಿಸಿಕೊಂಡು ನನ್ನನ್ನು ಊರಿನ ಹುಸೇನಸಾಬನ ಗ್ಯಾರೇಜಿಗೆ ತಂದ. ಹುಸೇನಸಾಬ ಅರ್ಧ ದಿನ ನೋಡಿ ಹೇಳಿದ: "ಎಂಜಿನ್ ಹೋಗೇತ್ರಿ ಈರಪ್ಪಣ್ಣ. ಬ್ಯಾರೆ ತರಿಸಿ ಕುಂದರಸ್ತೀನಿ. ಹಳೇದು ನನಗ ಬಿಟ್ಟಬಿಡ್ರಿ."

ಹಾಳಾದ ಎಂಜಿನ್ ಇವನಿಗೇಕೆ? ಈರಪ್ಪನ ಕಣ್ಣು ಅಂಗಳದ ಮೂಲೆಗೆ ಹೋಯಿತು. ಅಲ್ಲಿ ನನ್ನದೇ ಕಂಪನಿಯ, ನನ್ನದೇ ಮಾದರಿಯ ಬೂದು ಕಾರೊಂದು ನಿಂತಿತ್ತು. ಆಯಿಲ್ ಇಲ್ಲದೆ ಓಡಿಸಿದ್ದರಿಂದ ಅದರ ಎಂಜಿನ್ ಕಚ್ಚಿಕೊಂಡು ನಿಂತುಹೋಗಿತ್ತು. ಮಾರಾಟಕ್ಕಿದ್ದರೂ ಕೇಳುವವರಿರಲಿಲ್ಲ. ನನಗೂ ಅದೇ ಅನುಮಾನ ಬಂತು: ಈ ಮನುಷ್ಯ ನನ್ನ ಎಂಜಿನ್ ಕಿತ್ತು ಅದಕ್ಕೆ ಹಾಕುವ ಹುನ್ನಾರದಲ್ಲಿದ್ದಾನೆ.

"ವಿಚಾರ ಮಾಡಿ ಹೇಳ್ತೀನಿ," ಎಂದ ಈರಪ್ಪ. ಹುಸೇನಸಾಬ ನಮಾಜಿಗೆ ಹೋದಾಗ ಪೇಟಿ ಕೆಲಸದ ಚೀಲದಿಂದ ಅರಗು ತೆಗೆದು, ಕಾಯಿಸಿ, ನನ್ನ ಎಂಜಿನ್ನಿನ ಮಗ್ಗುಲಿಗೆ ಗುರುತಿಗೆಂದು ಒಂದು ಕೆಂಪು ಬೊಟ್ಟು ಇಟ್ಟ. ಕಾಶವ್ವ ಹಿಂದಿನ ಸೀಟಿನಿಂದ ನೋಡುತ್ತಿದ್ದಳು.

ತಿರುಗಿ ಬಂದ ಹುಸೇನಸಾಬನ ಕಣ್ಣಿಗೆ ಬೊಟ್ಟು ಬೀಳದೇ ಇರುತ್ತದೆಯೇ? ಅದನ್ನು ಬೆರಳಿನಿಂದ ಮುಟ್ಟಿ ನೋಡಿ, ಕೈ ಒರೆಸಿಕೊಂಡ. "ನೀವರ ಹಿಂಗ ಮಾಡಬಾರದಿತ್ರಿ. ಹಳೇದನ್ನ ಗುಜರಿಗೆ ಹಾಕಿ ಆ ರೊಕ್ಕ ನಿಮ್ಮ ಬಿಲ್ಲಿನಾಗ ಕಳೀಬೇಕಂತಿದ್ದೆ," ಎಂದ. ಈರಪ್ಪನ ಮುಖ ಸಣ್ಣದಾಯಿತು. ಗವಾಯಿಗಳ ಗುರುತು ಕಂಡಾಗ ತಾನು ಹೇಗಾಗುತ್ತಿದ್ದನೋ ಹಾಗೆಯೇ ಎದುರಿಗೆ ಹುಸೇನಸಾಬ ನಿಂತಿದ್ದ.

ಕಾಶವ್ವನೇ ಇಳಿದು ಬಂದಳು. "ನೀವು ಇಷ್ಟು ವರ್ಷ ಕಿವಿಲೇನ ಹೊಟ್ಟಿ ತುಂಬಿಸಿರಿ. ಒಮ್ಮೆ ಇದನ್ನೂ ಕೇಳ್ರಿ. ಆಮ್ಯಾಲ ಯಾರು ಕಳ್ಳರು ಅಂತ ನೋಡೂಣು." ಹಾಗೆಂದು ತಾನೇ ಸ್ಟೀರಿಂಗ್ ಮುಂದೆ ಕೂತು, ಗಂಡ ಹೇಳಿದಂತೆ ಆಕ್ಸಿಲರೇಟರ್ ಒತ್ತತೊಡಗಿದಳು.

ಈರಪ್ಪ ಒಂದು ಕಟ್ಟಿಗೆಯ ಕೋಲಿನ ತುದಿಯನ್ನು ಎಂಜಿನ್ನಿಗೆ ಹಚ್ಚಿ, ಇನ್ನೊಂದು ತುದಿಗೆ ಕಿವಿಯಿಟ್ಟ. ನಾಲ್ಕೂ ಕಡೆ ಕೇಳಿದ. ಆಮೇಲೆ ಕೋಲು ಕೆಳಗಿಳಿಯಿತು, ಎಡಗಡೆಯ ತೊಲೆಗೆ ಬಂತು. ನಾನು ಇದ್ದಬದ್ದ ಶಕ್ತಿಯಿಂದ ಹಲ್ಲು ಕಚ್ಚಿದೆ. ಕಾಶವ್ವ ಒತ್ತಿದಳು. ಟಕ್.

"ಸಾಬರ, ಎಂಜಿನ್ ಸ್ವರ ಶುದ್ಧ ಐತಿ," ಎಂದ ಈರಪ್ಪ. "ಒಡದದ್ದು ಪೆಟ್ಟಿಗಿ."

ಹುಸೇನಸಾಬ ನನ್ನ ಕೆಳಗೆ ತೂರಿ ಬಣ್ಣ ಕೆರೆದ. ಪುಟ್ಟಿ ಹಕ್ಕಳೆ ಹಕ್ಕಳೆಯಾಗಿ ಉದುರಿತು. ಬಿರುಕು ಈಗ ಕೂದಲೆಳೆಯಷ್ಟಿರಲಿಲ್ಲ, ಬೆರಳಿನ ಉಗುರು ಹೋಗುವಷ್ಟಿತ್ತು. "ಎಂಜಿನ್ ಕೆಳಗಿನ ರಬ್ಬರ್ ನೋಡಿದೆ, ಇದನ್ನ ನೋಡ್ಲಿಲ್ಲ. ತಪ್ಪು ನಂದು," ಎಂದು ಅಲ್ಲೇ ನೆಲದ ಮೇಲೆ ಕೂತ. "ಹೊಸಾ ಎಂಜಿನ್ ಕುಂದರಿಸಿ ಕಳಿಸಿದ್ರ, ಹಾದ್ಯಾಗ ತೊಲಿ ಮುರದು ತಂಗಿ ಕಾಶವ್ವನ ಜೀವಕ್ಕ ಬರ್ತಿತ್ತು. ಇನ್ನ ಇದನ್ನ ಬೆಸೆದರೂ ನಂಬೂ ಹಂಗಿಲ್ಲ."

ಎರಡನೆಯ ಬಣ್ಣ ಬಿದ್ದಂದಿನಿಂದ ನಾನು ಎಲ್ಲರನ್ನೂ ಅನುಮಾನಿಸುತ್ತ ಮೆರೆದಿದ್ದೆ. ಆ ಅಂಗಳದಲ್ಲಿ ಸುಳ್ಳು ಹೇಳಿದ್ದು ನಾನೊಬ್ಬನೇ. ಯಾರೂ ಬೈಯಲಿಲ್ಲ, ಅದಕ್ಕೇ ಹೆಚ್ಚು ನಾಚಿಕೆಯಾಯಿತು.

ಕೊನೆಗೆ ಅವರಿಬ್ಬರೂ ಸೇರಿ ತೀರ್ಮಾನಿಸಿದ್ದು ಇದು: ಬದಲಿಸಬೇಕಾದ್ದು ಎಂಜಿನ್ನನ್ನಲ್ಲ, ಕಾರನ್ನು. ಈರಪ್ಪ ಆ ಬೂದು ಕಾರನ್ನು ಕೊಂಡ. ನನ್ನ ಎಂಜಿನ್ನನ್ನು ಸರಪಳಿ ಕಟ್ಟಿ ಮೇಲೆತ್ತಿ ಅದರೊಳಗೆ ಇಳಿಸಿದರು, ಕಾಗದಪತ್ರದಲ್ಲೂ ಬರೆಸಿದರು. ನಾನು ಹೆದರಿದ್ದೆಲ್ಲ ಹಾಗೆಯೇ ನಡೆಯಿತು, ಆದರೆ ಯಾರೂ ಮೋಸ ಮಾಡಿರಲಿಲ್ಲ. ಈರಪ್ಪ ಸೀಮೆಎಣ್ಣೆಯ ಅರಿವೆ ಹಿಡಿದು ಬೊಟ್ಟು ಒರೆಸಲು ಹೋದಾಗ ಹುಸೇನಸಾಬ ಕೈ ಹಿಡಿದ. "ಇರ್ಲಿ ಬಿಡ್ರಿ. ನಿಮ್ಮದ ಎಂಜಿನ್ ಅನ್ನೂದಕ್ಕ ಸಾಕ್ಷಿ."

ಈಗ ಆ ಬೂದು ಕಾರು ನಿಂತಿದ್ದ ಮೂಲೆಯಲ್ಲಿ ನಾನಿದ್ದೇನೆ. ಹುಸೇನಸಾಬ ನನ್ನೊಳಗೆ ಹಳೇ ಟೈರು ತುಂಬಿದ್ದಾನೆ. ಹಿಂದಿನ ಸೀಟಿನಲ್ಲಿ ಅವನ ಕೋಳಿ ಮೊಟ್ಟೆಯಿಡುತ್ತದೆ. ಮಂಗಳವಾರ, ಶುಕ್ರವಾರ ಬೂದು ಕಾರು ರಸ್ತೆಯಲ್ಲಿ ಹಾದುಹೋಗುವಾಗ ನನ್ನದೇ ದನಿ ಕೇಳುತ್ತದೆ. ಅದನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೋ ಇಲ್ಲವೋ ಎಂದು ಮೊದಮೊದಲು ಅನುಮಾನವಿತ್ತು. ಚಾಳಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಕಳೆದ ಶುಕ್ರವಾರ ಹುಬ್ಬಳ್ಳಿಯಿಂದ ಬರುವಾಗ ಅವರು ಇಲ್ಲಿ ನಿಂತರು. ಕಾಶವ್ವ ನಿಧಾನಕ್ಕೆ ನಡೆದು ಬಂದು ನನ್ನ ಬಾನೆಟ್ ಮೇಲೆ ಕೈಯಿಟ್ಟಳು. "ಪಾಪ, ಒಡಕ ತೊಲಿ ಇಟಕೊಂಡು ಎರಡು ವರ್ಷ ನನ್ನ ಹೊತ್ತು ತಿರಗೇತಿ," ಎಂದಳು ಗಂಡನಿಗೆ. ನನ್ನನ್ನು ಒಂದು ದಿನವೂ ಅನುಮಾನಿಸದೆ ನಿದ್ದೆ ಮಾಡಿದವಳು ಅವಳೊಬ್ಬಳೇ. ಅವಳಿಗೇ ನಾನು ಬಿರುಕು ಮುಚ್ಚಿಟ್ಟಿದ್ದೆ. ಹಾಗೆಂದು ಹೇಳಲು ನನ್ನಲ್ಲಿ ಈಗ ಒಂದು ಟಕ್ ಕೂಡ ಉಳಿದಿಲ್ಲ.

ಅವಳು ಹೋಗಿ ಬೂದು ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಮಲಗಿದಳು. ಈರಪ್ಪ ಗಾಡಿ ಶುರು ಮಾಡಿದ. ಊರ ಅಗಸಿ ಬಾಗಿಲಿನ ತಿರುವಿನವರೆಗೂ ನಾನು ಕಿವಿಗೊಟ್ಟು ಕೇಳಿದೆ. ಸ್ವರ ಶುದ್ಧವಾಗಿತ್ತು.