ಮೀಮೂಂತಳ ತಲೆವಸ್ತ್ರ

ಆಂಟ್ವರ್ಪಿನ ಆ ಹಳೆಯ ಕಂಬಳಿ ಗೋದಾಮು ಮಸೀದಿಯಾಗಿದ್ದು ಹೆಂಗಸರ ಕೈಯಡುಗೆಯಿಂದ ಎಂದರೆ ಹೆಚ್ಚು ಹೇಳಿದಂತಾಗುವುದಿಲ್ಲ. ರಂಜಾನ್ ಬಂದರೆ ದೊಡ್ಡ ದೊಡ್ಡ ಹಂಡೆಗಳಲ್ಲಿ ಹರೀರಾ ಸಾರು ಕುದಿಯುತ್ತಿತ್ತು, ಮಿಕ್ಕ ದಿನ ಬೀದಿಯ ಮೂಲೆಯಲ್ಲಿ ಮಸೆಮ್ಮನ್ ರೊಟ್ಟಿ ಬೇಯುತ್ತಿತ್ತು. ಮಾರಿ ಬಂದ ದುಡ್ಡೆಲ್ಲ ಕಟ್ಟಡಕ್ಕೆ ಹೋಗುತ್ತಿತ್ತು. ಈ ಹೆಂಗಸರಿಗೆಲ್ಲ ಹಿರಿಯಳು ಮೀಮೂಂತ್. ವಯಸ್ಸಾಗಿ ಬೆನ್ನು ಬಾಗಿದ್ದರೂ ಕಾವಲಿಯ ಮುಂದೆ ಅವಳನ್ನು ಮೀರಿಸುವವರಿರಲಿಲ್ಲ. ಗೋದಾಮಿನೊಳಗೆ ಮರದ ಕಟಕಟೆಯ ಅಗಲವಾದ ಬಾಲ್ಕನಿಯೊಂದಿತ್ತು. ಕೆಲಸ ಮುಗಿದ ಮೇಲೆ ಅದು ಹೆಂಗಸರ ನಮಾಜಿಗೆ ಎಂದು ಮಸೀದಿ ಸಮಿತಿಯವರು ಮಾತು ಕೊಟ್ಟಿದ್ದರು.

ಮಸೀದಿ ತೆರೆದ ದಿನ ಹೆಂಗಸರನ್ನು ಹಿಂಬಾಗಿಲಿನಿಂದ ಕರೆದೊಯ್ದು ನೆಲಮಾಳಿಗೆಗೆ ಇಳಿಸಿದರು. ಕಟ್ಟಡವನ್ನೆಲ್ಲ ಬೆಚ್ಚಗಿಡುವ ಬಾಯ್ಲರ್ ಅಲ್ಲಿ ಗುರುಗುಡುತ್ತಿತ್ತು. ಗೋಡೆಗೆ ಹೊಡೆದಿದ್ದ ಸ್ಪೀಕರಿನಿಂದ ಇಮಾಮರ ದನಿ ಬರುವುದಕ್ಕಿಂತ ಕರಕರ ಸದ್ದೇ ಹೆಚ್ಚು ಬರುತ್ತಿತ್ತು. ಬಾಲ್ಕನಿಯಲ್ಲಿ ಸಮಿತಿಯ ಹೆಚ್ಚುವರಿ ಕುರ್ಚಿಗಳೂ ಸುತ್ತಿಟ್ಟ ಜಮಖಾನೆಗಳೂ ಇದ್ದವು.

ನಜಾತ್ ಟ್ರಾಮ್ ಓಡಿಸುವವಳು. ಸಮವಸ್ತ್ರದಲ್ಲೇ ಓಡೋಡಿ ಬಂದಿದ್ದ ಅವಳು ಅಂದು ಮೊಳಕಾಲೂರಿ ಕುಳಿತಾಗ ಪಕ್ಕದ ಕೊಳವೆ ತಗುಲಿ ತೋಳು ಚುರ್ ಎಂದಿತು. ಸಮಿತಿಯ ಅಧ್ಯಕ್ಷ ಹಾಜಿ ಅಲ್ಲಾಲ್ ಅವಳ ತಂದೆಯ ಜೊತೆಗಾರ. ಇಬ್ಬರೂ ಕಡಲಾಚೆಯ ನಾದೋರ್ ಕಡೆಯ ಒಂದೇ ಹಳ್ಳಿಯಿಂದ ಬಂದು ಒಂದೇ ಕಾರ್ಖಾನೆಯಲ್ಲಿ ದುಡಿದವರು. ತಂದೆ ತೀರಿಕೊಂಡ ಮೇಲೆ ಅವಳ ಮದುವೆಯಲ್ಲಿ ತಂದೆಯ ಜಾಗದಲ್ಲಿ ನಿಂತವನೂ ಅವನೇ. ಆ ಸಲಿಗೆಯಿಂದಲೇ ಅವಳು ಮೀಮೂಂತಳನ್ನು ಜೊತೆಗೆ ಕರೆದುಕೊಂಡು ಕೇಳಲು ಹೋದಳು.

ಹಾಜಿ ಸಿಟ್ಟಾಗಲಿಲ್ಲ. ಪುದೀನಾ ಚಹಾ ತರಿಸಿ, ಹೆಂಗಸರು ಮೇಲಿದ್ದರೆ ಗಂಡಸರ ಗಮನ ಚದರುತ್ತದೆ, ಸಮಿತಿಯಲ್ಲಿ ಎಲ್ಲರೂ ಒಪ್ಪುವುದಿಲ್ಲ, ಸ್ವಲ್ಪ ತಾಳ್ಮೆ ಇರಲಿ ಎಂದ.

"ಮಕ್ಕಾದಲ್ಲಿ ಕಾಬಾ ಸುತ್ತುವಾಗ ನನ್ನ ಹಿಂದೆ ಮುಂದೆ ಎಲ್ಲ ಗಂಡಸರೇ ಇದ್ರು ಕಣೋ ಅಲ್ಲಾಲ್. ಅಲ್ಲಿ ಚದರದ ಗಮನ ಇಲ್ಲಿ ಯಾಕೆ ಚದರುತ್ತೆ?" ಎಂದಳು ಮೀಮೂಂತ್. "ಅಲ್ಲಾಹನ ಮನೆಯಲ್ಲಿ ಸೀದಾ ನಿಂತವಳನ್ನ ನೀನು ಬಾಯ್ಲರ್ ಪಕ್ಕ ಕೂರಿಸ್ತೀಯಲ್ಲ."

ಹಾಜಿ ನಕ್ಕು, ಚಹಾ ಆರಿಹೋಗುತ್ತೆ ಕುಡಿ ಅಕ್ಕಾ ಎಂದು ಲೋಟವನ್ನು ಅವಳತ್ತ ಸರಿಸಿದ.

ದುರಸ್ತಿಗೆ ಪುರಸಭೆಯ ನೆರವೂ ಇತ್ತು. ಕಟ್ಟಡದಲ್ಲಿ ಗಂಡು ಹೆಣ್ಣು ಎನ್ನದೆ ಎಲ್ಲರಿಗೂ ಒಂದೇ ತೆರನ ಜಾಗ ಸಿಗಬೇಕೆಂಬುದು ಆ ನೆರವಿನ ಷರತ್ತು. ಹಾಗಾಗಿ ನಜಾತ್ ಅಲ್ಲಿಗೂ ಹೋದಳು. ವಿವಿಧ ಸಮುದಾಯಗಳ ವಿಷಯ ನೋಡಿಕೊಳ್ಳುತ್ತಿದ್ದ ಲೀವೆ ಎಂಬ ಅಧಿಕಾರಿ ಬಲು ಒಳ್ಳೆಯ ಹೆಂಗಸು, ಈದ್ ಬಂದರೆ ತಪ್ಪದೆ ಶುಭಾಶಯ ಕಳಿಸುವವಳು. ಅವಳ ಕೋಣೆಯ ಗೋಡೆಯ ಮೇಲೆ ಮುಷ್ಟಿ ಎತ್ತಿದ ಹೆಂಗಸರ ಚಿತ್ರವಿತ್ತು. ಇಲ್ಲಿ ಕೆಲಸವಾದೀತು ಎಂದುಕೊಂಡೇ ನಜಾತ್ ಕುಳಿತಳು.

ಲೀವೆ ಎಲ್ಲವನ್ನೂ ತಲೆಯಾಡಿಸುತ್ತಾ ಕೇಳಿಸಿಕೊಂಡಳು. ಆಮೇಲೆ, ಇದು ನಿಮ್ಮ ಸಮುದಾಯದ ಒಳಗಿನ ವಿಷಯ, ಬಿಳಿಯಳಾದ ನಾನು ನಿಮ್ಮ ಸಂಸ್ಕೃತಿಯಲ್ಲಿ ಮೂಗು ತೂರಿಸಿದರೆ ಅದು ದಬ್ಬಾಳಿಕೆಯಾಗುತ್ತದೆ, ಬದಲಾವಣೆ ನಿಮ್ಮೊಳಗಿನಿಂದಲೇ ಬರಬೇಕು ಎಂದಳು.

ನಜಾತ್‌ಗೆ ಒಂದು ಕ್ಷಣ ತಾನು ಸರಿಯಾಗಿ ಕೇಳಿಸಿಕೊಂಡೆನೇ ಎಂದು ಅನುಮಾನವಾಯಿತು. "ನಾನು ಹುಟ್ಟಿದ್ದು ಇದೇ ಊರಲ್ಲಿ. ದಿನಾ ಬೆಳಗ್ಗೆ ನಿಮ್ಮನ್ನ ಈ ಕಚೇರಿಗೆ ತಂದು ಇಳಿಸೋಳೂ ನಾನೇ ಇರಬಹುದು. ಷರತ್ತು ಬರೆದದ್ದು ನೀವು. ನಿಮ್ಮ ತಂಗಿಯನ್ನ ಯಾರಾದ್ರೂ ನೆಲಮಾಳಿಗೆಗೆ ಇಳಿಸಿದ್ರೂ ಹೀಗೇ ಹೇಳ್ತಿದ್ರಾ?"

"ಅದು ಬೇರೆ," ಎಂದಳು ಲೀವೆ ಮೆತ್ತಗೆ. ಹೇಳಿದ ಮೇಲೆ ಅವಳ ಮುಖವೂ ಕೆಂಪಾಯಿತು.

ಹೊರಗೆ ಬಂದ ನಜಾತ್ ಬಹಳ ಹೊತ್ತು ಮೆಟ್ಟಿಲ ಮೇಲೆ ನಿಂತೇ ಇದ್ದಳು. ಹಾಜಿ ಇಲ್ಲವೆಂದದ್ದು ಅವಳಿಗೆ ಹೊಸದಾಗಿರಲಿಲ್ಲ. ಆದರೆ ಅವನೂ ಲೀವೆಯೂ ಒಂದೇ ಮಾತು ಹೇಳಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಇನ್ನು ಯಾರನ್ನೂ ಕೇಳುವುದು ಬೇಡ, ಬರುವ ಶುಕ್ರವಾರ ಎಲ್ಲರೂ ಸುಮ್ಮನೆ ಮೇಲೆ ಹತ್ತಿ ಕೂತುಬಿಡೋಣ ಎಂದು ಹೆಂಗಸರು ಮೀಮೂಂತಳ ಅಡುಗೆಮನೆಯಲ್ಲಿ ತೀರ್ಮಾನಿಸಿದರು. ಕೂಗಾಟ ಕೂಡದು, ಬೆಳಗ್ಗೆಯೇ ಹೋಗಿ ಕುರ್ಚಿ ಸರಿಸಿ ಗುಡಿಸಬೇಕು, ಅಷ್ಟೇ. ಆದರೆ ಗುಂಪಿನಲ್ಲಿದ್ದ ಯಾರೋ ಒಬ್ಬಳು ಹೆಮ್ಮೆಯಿಂದ ಪತ್ರಿಕೆಯವರೊಬ್ಬರ ಕಿವಿಗೆ ಹಾಕಿದಳು. ಗುರುವಾರ ಅದು ಅಚ್ಚಾಗಿ ಬಂತು.

ಶುಕ್ರವಾರ ನಜಾತ್ ಮೀಮೂಂತಳ ಕೈ ಹಿಡಿದುಕೊಂಡು ಮೂಲೆ ತಿರುಗಿದಾಗ ಮಸೀದಿಯ ಮುಂದೆ ಜನ ಕಂಡರು. ತಮ್ಮವರೇ ಇರಬೇಕೆಂದುಕೊಂಡಳು. ಹತ್ತಿರ ಹೋದರೆ ಎಲ್ಲವೂ ಗೊತ್ತಿಲ್ಲದ ಮುಖಗಳು. ಕೈಯಲ್ಲಿ ಫಲಕಗಳು. ಮುಸ್ಲಿಂ ಹೆಂಗಸರಿಗೆ ಬಿಡುಗಡೆ ಎಂದು ಒಂದರ ಮೇಲೆ ಬರೆದಿತ್ತು. ಅದರ ಪಕ್ಕದ ಫಲಕದಲ್ಲಿ ಊರಿನ ಮಸೀದಿಗಳನ್ನೆಲ್ಲ ಮುಚ್ಚಿಸಿ ಎಂದಿತ್ತು. ಚುನಾವಣೆಯ ಹೊತ್ತಿನಲ್ಲಿ ವಲಸಿಗರನ್ನು ಓಡಿಸುವ ಮಾತಾಡುವ ಪಕ್ಷದವರು ಇವರು. ಫೋಟೋ ತೆಗೆಯುವವರೂ ಬಂದಿದ್ದರು.

ಬೂದು ಕೋಟಿನ ಹೆಂಗಸೊಬ್ಬಳು ಗುಂಪಿನಿಂದ ಮುಂದೆ ಬಂದಳು. ನಗುಮುಖ, ಬೆಚ್ಚಗಿನ ದನಿ. ನೇರ ಮೀಮೂಂತಳ ಬಳಿ ಬಂದು ಅವಳ ಎರಡೂ ಕೈ ಹಿಡಿದುಕೊಂಡು, ಇನ್ನು ನೀವು ಹೆದರಬೇಕಾಗಿಲ್ಲ, ನಾವಿದ್ದೇವೆ ಎಂದಳು. ಮೀಮೂಂತಳಿಗೆ ಆ ಊರಿನ ಡಚ್ ಭಾಷೆ ಅಷ್ಟಕ್ಕಷ್ಟೆ. ಯಾರೋ ಮರ್ಯಾದೆಯಿಂದ ಮಾತಾಡಿಸುತ್ತಿದ್ದಾರೆ ಎಂದುಕೊಂಡು ಅವಳೂ ನಕ್ಕಳು. ಆ ಹೆಂಗಸು ಫೋಟೋದವರ ಕಡೆಗೊಮ್ಮೆ ತಿರುಗಿ, ತಾಯಿ ಮಗುವಿನ ಟೊಪ್ಪಿ ತೆಗೆಯುವಷ್ಟು ಸಹಜವಾಗಿ, ಮೀಮೂಂತಳ ತಲೆವಸ್ತ್ರವನ್ನು ಹಿಂದಕ್ಕೆ ಎಳೆದುಬಿಟ್ಟಳು.

ಗೋರಂಟಿ ಹಚ್ಚಿದ ತೆಳ್ಳನೆಯ ಕೂದಲು, ನಡುವೆ ಕಾಣುವ ಬಿಳಿ ನೆತ್ತಿ, ಸಣ್ಣಗೆ ಹೆಣೆದ ಜಡೆ. ಹುಟ್ಟಿದಾಗಿನಿಂದ ಮೀಮೂಂತಳನ್ನು ನೋಡುತ್ತಾ ಬಂದಿದ್ದರೂ ನಜಾತ್ ಆ ಕೂದಲನ್ನು ಬಿಸಿಲಲ್ಲಿ ಎಂದೂ ಕಂಡಿರಲಿಲ್ಲ. ಮುದುಕಿ ಕೂಗಲಿಲ್ಲ, ಬಗ್ಗಿ ಕೂರಲೂ ಇಲ್ಲ. ಎರಡೂ ಅಂಗೈ ತಲೆಯ ಮೇಲಿಟ್ಟುಕೊಂಡು ಅಲ್ಲಾಡದೆ ನಿಂತಳು. ನಗು ಇನ್ನೂ ತುಟಿಯ ಮೇಲೇ ಇತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯದವಳ ಹಾಗೆ. ಕ್ಯಾಮೆರಾಗಳು ಕ್ಲಿಕ್ ಕ್ಲಿಕ್ ಎಂದವು. ಮುಂದೆ ಹೋಗಬೇಕು ಎಂದು ನಜಾತಳಿಗೆ ಗೊತ್ತಿತ್ತು, ಹೋಗಲು ಆಗಲಿಲ್ಲ.

ಬಾಗಿಲಿನಿಂದ ಓಡಿಬಂದವನು ಹಾಜಿ ಅಲ್ಲಾಲ್. ಓಡುತ್ತಲೇ ಮೈಮೇಲಿನ ಜೆಲ್ಲಾಬಾ ನಿಲುವಂಗಿಯನ್ನು ತಲೆಯ ಮೇಲಿಂದ ಕಳಚಿ, ಒಳಗಿನ ಬನಿಯನ್ನಿನಲ್ಲೇ ಬಂದು ಅದನ್ನು ಮೀಮೂಂತಳ ತಲೆಗೆ ಹೊದಿಸಿದ. ಅವಳ ಭುಜ ಬಳಸಿ ಒಳಗೆ ಕರೆದೊಯ್ದ. ಅಷ್ಟರಲ್ಲಿ ಬಂದು ಸೇರಿದ್ದ ಹೆಂಗಸರೆಲ್ಲ ಅಳುತ್ತಾ ಹಿಂದೆ ಹೋದರು. ಆ ಗಳಿಗೆಯಲ್ಲಿ ಅವನ ಮೇಲೆ ನಜಾತಳಿಗೆ ಉಕ್ಕಿದ ಪ್ರೀತಿ ತಂದೆ ಇದ್ದಾಗಲೂ ಉಕ್ಕಿದ್ದಿಲ್ಲ.

ಒಳಗೆ ಹೋಗಿ ಕದ ಮುಚ್ಚಿದ ಮೇಲೆ ಹಾಜಿ ನಜಾತಳ ಕಡೆ ತಿರುಗಿದ. "ನೋಡಿದೆಯಾ ಮಗಳೇ, ನಿಮ್ಮ ಪರ ನಿಲ್ಲೋರು ಎಂಥೋರು ಅಂತ. ಈಗ ಎಲ್ಲರೂ ಕೆಳಗೆ ಹೋಗಿ. ಅಲ್ಲೇ ಕ್ಷೇಮ."

ಉಕ್ಕಿದ್ದು ಅಲ್ಲೇ ಹೆಪ್ಪುಗಟ್ಟಿತು.

ಮಾತಾಡಿದವಳು ಮೀಮೂಂತ್. ಜೆಲ್ಲಾಬಾದ ಟೊಪ್ಪಿಯೊಳಗಿನಿಂದ ಅವಳ ಮೂಗು ಮಾತ್ರ ಕಾಣುತ್ತಿತ್ತು. "ನಿನ್ನ ಅಂಗಿಗೆ ಅಲ್ಲಾಹ ನಿನಗೆ ಒಳ್ಳೇದು ಮಾಡಲಿ ಅಲ್ಲಾಲ್. ಆದ್ರೆ ಬೀದಿಯಲ್ಲಿ ಅವಳು ನನ್ನನ್ನ ಕೇಳಲಿಲ್ಲ, ಇಲ್ಲಿ ನೀನೂ ಕೇಳ್ತಿಲ್ಲ. ಏಣಿಮೆಟ್ಟಿಲು ಎಲ್ಲಿದೆ ತೋರಿಸು, ನನ್ನ ಮಂಡಿ ನೋಯುತ್ತೆ."

ಯಾರೂ ತೋರಿಸಲಿಲ್ಲ. ಅವಳೇ ಹುಡುಕಿಕೊಂಡು, ಉದ್ದದ ಅಂಗಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಹತ್ತಿದಳು. ಹೆಂಗಸರು ಒಬ್ಬೊಬ್ಬರಾಗಿ ಹಿಂಬಾಲಿಸಿದರು. ಅಂದು ಶುಕ್ರವಾರದ ಪ್ರವಚನ ಖುತ್ಬಾ ಬಹಳ ತಡವಾಗಿ ಶುರುವಾಯಿತು. ಕೆಳಗಿದ್ದ ಗಂಡಸರಲ್ಲಿ ಯಾರೂ ತಲೆ ಎತ್ತಿ ನೋಡಲಿಲ್ಲ.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದಳು ನಜಾತ್. ಮಾರನೆಯ ವಾರ ಆ ಫೋಟೋ ಪಕ್ಷದ ಕರಪತ್ರದಲ್ಲಿ ಬಂದು ಮನೆಮನೆಯ ಅಂಚೆ ಡಬ್ಬಿಗೂ ಬಿತ್ತು, ಮೀಮೂಂತಳ ಡಬ್ಬಿಗೂ ಬಿತ್ತು. ಕೆಳಗೆ, ಕೊನೆಗೂ ನಗು ಎಂದು ಬರೆದಿತ್ತು. ನಜಾತ್ ಹೋಗಿ ನೋಡಿದಾಗ ಮೀಮೂಂತ್ ಅದನ್ನು ಮೇಜಿನ ಮೇಲೆ ಕವುಚಿಟ್ಟು, ಮೇಲೆ ರೊಟ್ಟಿಯ ತಟ್ಟೆ ಇಟ್ಟಿದ್ದಳು.

"ನನ್ನ ಕೂದಲು ನೋಡಿದ ಗಂಡಸು ಅಂದ್ರೆ ಅಪ್ಪ, ಗಂಡ, ಮಕ್ಕಳು ಅಷ್ಟೇ. ಈಗ ಟ್ರಾಮಲ್ಲಿ ಕೂತೋನೂ ನೋಡ್ತಾನೆ," ಎಂದಳು. ಆಮೇಲೆ ಎದ್ದು ತಲೆವಸ್ತ್ರ ಬಿಗಿದುಕೊಳ್ಳುತ್ತಾ, "ಪೊಲೀಸಿನವರ ಹತ್ರ ಕರ್ಕೊಂಡು ಹೋಗೇ," ಎಂದಳು.

ದೂರಿನ ಸುದ್ದಿ ಹಬ್ಬಿದ್ದೇ ತಡ, ಹಾಜಿ ಮೀಮೂಂತಳ ಮನೆಗೆ ಬಂದ. ವಿಷಯ ದೊಡ್ಡದಾದರೆ ಮಸೀದಿಗೇ ಕುತ್ತು, ಸಬೂರು ಮಾಡಿ ಎಂದ. ಅವನು ಹೋದ ಮರುದಿನ ಲೀವೆ ಹೂವು ಹಿಡಿದು ಬಂದಳು. ನ್ಯಾಯಾಲಯ ಮನಸ್ಸುಗಳನ್ನು ಇನ್ನಷ್ಟು ದೂರ ಮಾಡುತ್ತದೆ, ಅದರ ಬದಲು ಎಲ್ಲರನ್ನೂ ಕೂರಿಸಿ ಒಂದು ಸಂವಾದ ಸಂಜೆ ಮಾಡೋಣ, ಆ ಹೆಂಗಸೂ ಬರಲು ಒಪ್ಪಿದ್ದಾಳೆ ಎಂದಳು. ಬೂದು ಕೋಟಿನವಳ ವಕೀಲ ಫೋನ್ ಮಾಡಿ, ಅವಳ ಉದ್ದೇಶ ಒಳ್ಳೆಯದಿತ್ತು, ನೀವು ತಪ್ಪು ತಿಳಿದಿದ್ದೀರಿ ಎಂದ. ಮೂರು ದಿಕ್ಕಿನವರಾದ ಈ ಮೂವರೂ ಮೀಮೂಂತ್ ಸುಮ್ಮನಿರಬೇಕು ಎನ್ನುವುದರಲ್ಲಿ ಮಾತ್ರ ಒಂದಾಗಿದ್ದು ಕಂಡು ನಜಾತ್ ದಂಗಾಗಿ ಕೂತಳು. ಮೀಮೂಂತ್ ಹೂವನ್ನು ನೀರಿನಲ್ಲಿಟ್ಟಳು, ದೂರನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ವಿಚಾರಣೆಯ ದಿನ ಆ ಹೆಂಗಸಿನ ವಕೀಲ ಸ್ವಾತಂತ್ರ್ಯದ ಬಗ್ಗೆ ಉದ್ದಕ್ಕೆ ಮಾತಾಡಿದ. ಸರ್ಕಾರಿ ವಕೀಲರು ಧರ್ಮದ ಗೌರವದ ಬಗ್ಗೆ ಅಷ್ಟೇ ಉದ್ದಕ್ಕೆ ಮಾತಾಡಿದರು. ಹಿಂದಿನ ಬೆಂಚಿನಲ್ಲಿ ಹಾಜಿಯೂ ಬಂದು ಕೂತಿದ್ದ. ಕೊನೆಗೆ ನ್ಯಾಯಾಧೀಶೆ, ನಿಮಗೆ ಏನಾದರೂ ಹೇಳುವುದಿದೆಯೇ ಎಂದು ದುಭಾಷಿಯ ಮೂಲಕ ಕೇಳಿದರು.

ಮೀಮೂಂತ್ ಎದ್ದು ನಿಂತಳು. "ಇವರು ಹೇಳೋ ದೊಡ್ಡ ಮಾತು ನನಗೆ ಗೊತ್ತಾಗಲ್ಲ. ಅವಳು ನನ್ನ ಕೈ ಹಿಡ್ಕೊಂಡಿದ್ಲು. ನಾನು ನಕ್ಕೆ. ಸ್ನೇಹಿತೆ ಅಂದ್ಕೊಂಡೆ. ಅದು ನನಗೆ ಇನ್ನೂ ನೋವಾಗುತ್ತೆ."

ಬೂದು ಕೋಟಿನವಳು ಮೊದಲ ಸಲ ತಲೆ ತಗ್ಗಿಸಿದಳು. ಕೋರ್ಟು ಅವಳದು ತಪ್ಪೆಂದು ದಂಡ ಹಾಕಿತು, ಕರಪತ್ರ ಹಂಚುವುದನ್ನು ನಿಲ್ಲಿಸಿತು. ಹಂಚಿಹೋದದ್ದನ್ನು ವಾಪಸು ತರುವವರಾರು?

ಬಾಲ್ಕನಿ ಹೆಂಗಸರಿಗೇ ಉಳಿಯಿತು. ಸಮಿತಿ ಅದಕ್ಕೊಂದು ದಪ್ಪ ಪರದೆ ಕಟ್ಟಿಸಿತು, ಹೆಂಗಸರು ಅದನ್ನು ಅರ್ಧ ಸರಿಸಿಟ್ಟರು. ಯಾರು ಸರಿಸಿದರು ಎಂದು ಹಾಜಿ ಕೇಳಲಿಲ್ಲ. ಆದರೆ ಮೀಮೂಂತ್ ಮತ್ತೆ ಮಸೀದಿಗೆ ಬರಲಿಲ್ಲ. ಆ ಬೀದಿಯ ಮೂಲೆ ತಿರುಗಿದರೆ ಎದೆ ಹೊಡೆದುಕೊಳ್ಳುತ್ತದೆ ಎಂದು ಮನೆಯಲ್ಲೇ ನಮಾಜು ಮಾಡತೊಡಗಿದಳು. ಶುಕ್ರವಾರ ನಮಾಜೂ ಪಾಳಿಯೂ ಮುಗಿದ ಮೇಲೆ ನಜಾತ್ ಅವಳ ಮನೆಗೆ ಹೋಗಿ, ಅಂದು ಇಮಾಮರು ಏನು ಹೇಳಿದರು, ಯಾರ ಸೊಸೆಗೆ ಹೆರಿಗೆಯಾಯಿತು ಎಂದು ಒಂದೊಂದಾಗಿ ಹೇಳುತ್ತಾಳೆ. ಮುದುಕಿ ಹಿಟ್ಟು ನಾದುತ್ತಾ ಎಲ್ಲವನ್ನೂ ಕೇಳುತ್ತಾಳೆ. ಮೇಲಿನಿಂದ ದನಿ ಚೆನ್ನಾಗಿ ಕೇಳಿಸುತ್ತಾ ಎಂದು ಒಮ್ಮೆ ಕೇಳಿದಳು. ಕೇಳಿಸುತ್ತೆ ದೊಡ್ಡಮ್ಮ, ಪ್ರತಿ ಅಕ್ಷರ ಕೇಳಿಸುತ್ತೆ ಎಂದಳು ನಜಾತ್.