ಡಾಕ್ಟರು ಉಣ್ಣದ ಮದುವೆ ಊಟ

ಔಷಧಿ ಕಂಪನಿಯ ಪ್ರತಿನಿಧಿ ತಂದುಕೊಟ್ಟ ಮಗಳ ಮದುವೆಯ ಕರೆಯೋಲೆಯನ್ನು ಡಾಕ್ಟರು ಎರಡು ಸಲ ಓದಿ ಸಂತೋಷಪಟ್ಟರು. ಆ ಹುಡುಗಿಯ ಕಿವಿನೋವಿನಿಂದ ಹಿಡಿದು ಮುರಿದ ಮೊಣಕೈವರೆಗೆ ಎಲ್ಲವನ್ನೂ ನೋಡಿದ ಕೈ ಅವರದು.

"ಖಂಡಿತ ಬರ್ತೀನಿ. ಆದ್ರೆ ಊಟ ಮಾಡಲ್ಲ."

ಪ್ರತಿನಿಧಿಯ ಮುಖ ಸಪ್ಪಗಾಯಿತು. ಕಂಪನಿಯವರು ವೈದ್ಯರಿಗೆ ಉಡುಗೊರೆ, ಊಟ, ಪ್ರವಾಸ ಏನನ್ನೂ ಕೊಡಕೂಡದೆಂಬ ನಿಯಮ ಬಂದದ್ದು ಆ ವರ್ಷವೇ. ಅದು ಬರಲೇಬೇಕೆಂದು ವೈದ್ಯರ ಸಂಘದಲ್ಲಿ ಎಲ್ಲರಿಗಿಂತ ಜೋರಾಗಿ ವಾದಿಸಿದ್ದವರು ಇದೇ ಡಾಕ್ಟರು.

"ಇದು ನನ್ನ ಸ್ವಂತ ದುಡಿಮೆಯ ಊಟ ಡಾಕ್ಟ್ರೇ, ಕಂಪನೀದು ಒಂದು ಕಾಳೂ ಇಲ್ಲ. ಮನೆ ಮದುವೆಗೆಲ್ಲ ಆ ನಿಯಮ ಬರಲ್ಲ."

"ಬರದೇ ಇರಬಹುದು. ಆದ್ರೆ ಉಂಡ ಮನೆಗೆ ಎರಡು ಬಗೀಬಾರದು ಅಂತ ನಮ್ಮಜ್ಜಿ ಕಲಿಸಿಬಿಟ್ಟಿದ್ದಾಳೆ. ಇವತ್ತು ನಿನ್ನ ಮನೇಲಿ ಉಂಡು, ನಾಳೆ ನಿನ್ನ ಮಾತ್ರೆ ಬಿಟ್ಟು ಅಗ್ಗದ್ದು ಬರೆಯೋಕೆ ಹೋದ್ರೆ ಪೆನ್ನು ತಡವರಿಸುತ್ತೆ. ನನ್ನ ನಾಲಿಗೆ ಮೇಲೆ ನನಗೇ ಅಷ್ಟು ನಂಬಿಕೆ ಇಲ್ಲಪ್ಪ."

ಮನೆಯಲ್ಲಿ ಪ್ರತಿನಿಧಿಯ ಹೆಂಡತಿ ಇದನ್ನು ಕೇಳಿ, "ಬಂದ್ರೆ ಸಾಕು ಬಿಡಿ. ಹೊಟ್ಟೆ ಅವರದು, ಹಸಿವೂ ಅವರದು" ಎಂದಳು.

ಮದುವೆಯ ದಿನ ಡಾಕ್ಟರು ಬಂದರು, ವಧೂವರರನ್ನು ಹರಸಿದರು, ಊಟದ ಕೋಣೆಯ ಗೋಡೆ ಪಕ್ಕ ಕುರ್ಚಿ ಎಳೆದುಕೊಂಡು ಮಾತಿಗೆ ಕೂತರು. ಎಡವಟ್ಟಾದದ್ದೇ ಅಲ್ಲಿ. ಮೊದಲ ಪಂಕ್ತಿಯಲ್ಲಿ ಬೀಗರು ಕೂತಿದ್ದರು. ವರನ ಸೋದರಮಾವ ಹಾಲನ್ನೂ ಸೋಸಿ, ಮೂಸಿ ಕುಡಿಯುವ ಮನುಷ್ಯ.

"ಡಾಕ್ಟ್ರೇ, ನೀವು ಕೂರಲ್ವಾ?" ಎಂದ ಅವನು.

"ಇಲ್ಲ ಇಲ್ಲ. ಇಲ್ಲಿ ನಾನು ಉಣ್ಣೋ ಹಾಗಿಲ್ಲ."

ಸೋದರಮಾವ ಎತ್ತಿದ ತುತ್ತನ್ನು ಮೆಲ್ಲಗೆ ತಟ್ಟೆಗೆ ಇಳಿಸಿದ. "ಡಾಕ್ಟ್ರೇ ಮುಟ್ತಿಲ್ಲ" ಎಂದು ಪಕ್ಕದವನ ಕಿವಿಯಲ್ಲಿ ಹೇಳಿದ. ಪಂಕ್ತಿಯ ನಡುವಿಗೆ ಬರುವಷ್ಟರಲ್ಲಿ ಅದು "ಪಾಯಸದ ಹಾಲು ಕೆಟ್ಟಿದೆಯಂತೆ" ಆಯಿತು. ಕೊನೆಗೆ ತಲುಪಿದಾಗ ಅಡುಗೆಯವನಿಗೇ ವಾಂತಿಯಾಗುತ್ತಿತ್ತು. ಅಡುಗೆಯವನು ಹೊಟ್ಟೆ ಮುಂದೆ ಮಾಡಿಕೊಂಡು ಹೊರಗೆ ಬಂದ. "ನೋಡಿ ಸ್ವಾಮಿ, ಬೆಳಗ್ಗೆಯಿಂದ ತಿಂತಾನೇ ಇದೀನಿ!"

"ಸಂಜೆವರೆಗೆ ಕಾದು ನೋಡೋಣ" ಎಂದ ಸೋದರಮಾವ.

ಡಾಕ್ಟರು ಎದ್ದು ನಿಂತು ಎಲ್ಲರಿಗೂ ಕೇಳುವಂತೆ ನಿಯಮ ವಿವರಿಸಿದರು. ಅದರಿಂದ ಕೆಲಸ ಇನ್ನಷ್ಟು ಕೆಟ್ಟಿತು. "ಊಟ ಮಾಡಬೇಡಿ ಅಂತ ಸರ್ಕಾರಾನೇ ಹೇಳಿದೆಯಂತೆ" ಎಂದಳು ಕಿವಿ ಮಂದವಾದ ಅಜ್ಜಿಗೆ ಅವಳ ಸೊಸೆ.

ಪ್ರತಿನಿಧಿ ಒಂದು ತಟ್ಟೆ ಹಿಡಿದು ಡಾಕ್ಟರ ಪಕ್ಕಕ್ಕೆ ಓಡಿಬಂದ. "ಒಂದೇ ಒಂದು ತುತ್ತು ಡಾಕ್ಟ್ರೇ. ಬೀಗರು ಅರ್ಧ ಊಟಕ್ಕೆ ಎದ್ದುಹೋದ್ರೆ ನನ್ನ ಮಗಳು ಆ ಮನೇಲಿ ಸಾಯೋತನಕ ಮಾತು ಕೇಳಬೇಕು."

ಡಾಕ್ಟರು ಪೇಚಿಗೆ ಸಿಕ್ಕಿದರು. ಹುಡುಗಿಯ ಮೇಲೆ ಅಕ್ಕರೆಯಿತ್ತು, ಮಾತಿನ ಮೇಲೆ ಹಟವಿತ್ತು. ಕೈ ತಟ್ಟೆಯ ಕಡೆಗೆ ಹೋಗಿ ಹಿಂದೆ ಬಂತು.

ಅಷ್ಟರಲ್ಲಿ ಪ್ರತಿನಿಧಿಯ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಪಾಯಸದ ಬಕೆಟ್ಟು ತಂದು ಡಾಕ್ಟರ ಮುಂದಿಟ್ಟು, ಸೌಟನ್ನು ಅವರ ಕೈಗೆ ಕೊಟ್ಟಳು.

"ಉಣ್ಣಬೇಡಿ, ಬಡಿಸಿ. ಬಡಿಸೋರನ್ನ ನೀವ್ಯಾಕೆ ಉಂಡಿಲ್ಲ ಅಂತ ಯಾರೂ ಕೇಳಲ್ಲ. ಕೆಟ್ಟಿದ್ದನ್ನ ಡಾಕ್ಟ್ರು ಕೈಯಾರೆ ತಮ್ಮ ರೋಗಿಗಳಿಗೇ ಹಾಕ್ತಾರಾ?"

ಡಾಕ್ಟರ ಮುಖ ಅರಳಿತು. ಅಂಗಿಯ ತೋಳು ಮಡಚಿ, ಬಕೆಟ್ಟು ಎತ್ತಿಕೊಂಡು ನೇರವಾಗಿ ಸೋದರಮಾವನ ಮುಂದೆ ನಿಂತರು. "ನಾಲಿಗೆ ತೋರಿಸಿ" ಎಂದರು. ಅವನು ತೋರಿಸಿದ. "ಏನೂ ತೊಂದರೆ ಇಲ್ಲ" ಎಂದು ಎರಡು ಸೌಟು ಸುರಿದರು. ಅವನು ತಿಂದ. ಅವನು ತಿಂದದ್ದನ್ನು ನೋಡಿ ಪಂಕ್ತಿಯೆಲ್ಲ ತಿಂದಿತು.

ಊರಿನ ಅರ್ಧ ಜನ ಅವರ ರೋಗಿಗಳೇ. ಎರಡನೆಯ ಪಂಕ್ತಿಯಲ್ಲಿ ಬಟ್ಟೆ ಅಂಗಡಿಯವರಿಗೆ ಕಾಲು ಸೌಟು ಬಿತ್ತು.

"ಇದೇನು ಡಾಕ್ಟ್ರೇ, ಮದುವೆ ಮನೆ!"

"ನಿಮ್ಮ ಸಕ್ಕರೆ ಕಾಯಿಲೆಗೆ ಅದು ಗೊತ್ತಾಗಲ್ಲ."

ಒಬ್ಬ ಶಾಲೆಯ ಮೇಷ್ಟ್ರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ತಟ್ಟೆ ಚಾಚಿದರು. "ಕೈ ನೋಡಿದ್ರೇ ಗೊತ್ತಾಗುತ್ತೆ ಮೇಷ್ಟ್ರೇ, ಮುಂದಿನ ವಾರ ರಕ್ತ ಪರೀಕ್ಷೆ ಇದೆ" ಎಂದು ಡಾಕ್ಟರು ಬಡಿಸದೆ ಮುಂದೆ ಹೋದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಸೋದರಮಾವ ಕೈ ತೊಳೆಯುತ್ತಾ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ: "ನಮ್ಮ ಬೀಗರು ಅಂದ್ರೆ ಏನಂದ್ಕೊಂಡ್ರಿ? ಬಡಿಸೋಕೇ ಡಾಕ್ಟ್ರನ್ನ ಇಟ್ಟಿದ್ದಾರೆ!"

ಕೊನೆಗೆ ಬಡಿಸಿದವರ ಸರದಿ ಬಂತು. ಡಾಕ್ಟರು ಸೌಟು ಕೆಳಗಿಟ್ಟು ಚಪ್ಪಲಿ ಹುಡುಕತೊಡಗಿದರು. ಹೊಟ್ಟೆ ಗುರ್ರೆಂದದ್ದು ಪ್ರತಿನಿಧಿಗೂ ಕೇಳಿಸಿತು. ಮದುಮಗಳೇ ಒಂದು ಲೋಟ ಹಿಡಿದುಕೊಂಡು ಬಂದಳು.

"ನೀರು ಕುಡಿಯಬಹುದಾ ಡಾಕ್ಟ್ರೇ? ಇಲ್ಲ, ಅದನ್ನೂ ಸಂಘದಲ್ಲಿ ಕೇಳಬೇಕಾ?"

"ಎಲ್ಲಿಯ ನೀರಮ್ಮ?"

"ನಲ್ಲೀದು."

ಡಾಕ್ಟರು ಒಂದೇ ಉಸಿರಿಗೆ ಕುಡಿದು, ಲೋಟವನ್ನು ಮತ್ತೆ ಮುಂದೆ ಚಾಚಿದರು. "ಇನ್ನೊಂದು ತಾ."