ಅಕ್ಕ ತಮ್ಮ ಒಂದೇ ಮನೆಯಲ್ಲಿ ಇರಲಿ

ಗಂಡ ಹೆಂಡತಿ ಇಬ್ಬರೂ ಕೂಡಿ ಊರಿಗೆ ಹೊರಟರೆ ಮಕ್ಕಳನ್ನು ಎಲ್ಲಿ ಬಿಡಬೇಕು? ಈ ತಾಪತ್ರಯ ಯಾರ ಮನೆಯಲ್ಲಿ ಇಲ್ಲ ಹೇಳಿ. ರಾಯಚೂರಿನ ತೀನ್ ಕಂದೀಲ್ ಹತ್ತಿರ ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದ ಹಂಪಣ್ಣನ ಮನೆಯಲ್ಲೂ ಅಂದು ಅದೇ ನಡೆದಿತ್ತು. ಶ್ರೀಶೈಲದ ಹರಕೆ ತೀರಿಸಲು ಅವನೂ ಹೆಂಡತಿ ಹಣಮಮ್ಮನೂ ಹೊರಟಿದ್ದರು. ಎಂಟು ವರ್ಷದ ಮಗಳು ತಾಯಮ್ಮ, ನಾಲ್ಕು ವರ್ಷದ ಮಗ ಮಾರೆಪ್ಪ. ಇಬ್ಬರನ್ನೂ ಎರಡು ದಿನ ನೋಡಿಕೊಳ್ಳಲು ಪಕ್ಕದ ಮನೆಯ ಮುನವ್ವರ್ ಬೀ ಒಪ್ಪಿದ್ದಳು.

ಯಾಕಾದರೂ ಒಪ್ಪಿದೆನೋ ಎಂದು ಆಕೆಗೆ ಅನ್ನಿಸುವಷ್ಟು ಹಣಮಮ್ಮ ಹೇಳಿದಳು.

“ಅಕ್ಕಾರ, ಮಾರ್ಯಾಗ ತಾಯವ್ವನೇ ತುತ್ತು ಹಾಕಬೇಕು, ಇಲ್ಲಂದ್ರ ಉಣ್ಣಾಂಗಿಲ್ಲ. ಅಕ್ಕನ ಜಡಿ ಹಿಡಕೊಂಡ್ರೇ ಅವನಿಗಿ ನಿದ್ದಿ. ತಾಯವ್ವಗ ಹಾಲಿನ ಕೆನಿ ಕಂಡ್ರ ಆಗಾಂಗಿಲ್ಲ, ಸೋಸಿ ಕೊಡ್ರಿ. ಗುಡುಗಿದ್ರ ಇಬ್ಬರೂ ಅಂಜತಾರ, ಒಂದೇ ಹಾಸಿಗ್ಯಾಗ ಮಲಗಿಸ್ರಿ…”

ಮುನವ್ವರ್ ಬೀಯ ಗಂಡ ಕುತುಬುದ್ದೀನ್ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ನಗುತ್ತಿದ್ದ. ಅವನು ರಿಜಿಸ್ಟ್ರಿ ಕಚೇರಿಯ ಮುಂದೆ ಬೆಂಚು ಹಾಕಿಕೊಂಡು ಜನರಿಗೆ ಖರೀದಿಪತ್ರ, ಪಾಲುಪತ್ರ ಬರೆದುಕೊಡುವವನು. ಮಾತು ಸ್ವಲ್ಪ ಒರಟು, ಮನಸ್ಸು ಮೆತ್ತಗೆ.

“ಹಂಪಣ್ಣಾ, ಎರಡು ದಿನಕ್ಕ ಇಷ್ಟು ಹೇಳಾಕತ್ತಾರ ನಿಮ್ಮ ಮನಿಯವರು. ಅಕಸ್ಮಾತ್ ನೀವಿಬ್ಬರೂ ತಿರುಗಿ ಬರಲಿಲ್ಲಂದ್ರ ಮಕ್ಕಳಿಗಿ ಏನು ಮಾಡಬೇಕಂತ ಯಾರಿಗಾರ ಹೇಳೀರೇನು?”

ಹಂಪಣ್ಣನಿಗೆ ಸಿಟ್ಟು ನೆತ್ತಿಗೇರಿತು. “ಬಿಡ್ತು ಅನ್ರಿ ಸಾಬ್ರ! ದೇವರಿಗಿ ಹೊಂಟವರಿಗಿ ಹಿಂಗ ಅಂತಾರೇನು?”

“ಸಾಯ್ರಿ ಅನ್ನಲಿಲ್ಲೋ ಭಾಯಿ, ಬರೆದಿಡ್ರಿ ಅಂದೆ. ನಾವು ವಸಿಯತ್ ಅಂತೀವಿ, ನೀವು ಉಯಿಲು ಅಂತೀರಿ, ಕೋರ್ಟಿನವರು ವಿಲ್ ಅಂತಾರ.”

“ಅದು ಸಾವ್ಕಾರ್ರು ಬರಿಯೋದು. ನನ್ನ ಹತ್ರ ಏನದ? ಎರಡು ಕೋಲಿ ಮನಿ, ಒಂದಿಷ್ಟು ಪಂಚರಾದ ಸೈಕಲ್ಲು.”

“ಸೈಕಲ್ ಹಾಳಾಗಿ ಹೋಗಲಿ. ಮಕ್ಕಳು ಯಾರ ಹತ್ರ ಬೆಳೀಬೇಕು?”

“ಅದು ನಮ್ಮ ಮಂದ್ಯಾಗ ಮೊದಲಿಂದ ಗೊತ್ತಾಗಿದ್ದೇ ಅದ. ಗಂಡುಹುಡುಗ ಬಾಗಲವಾಡದಾಗ ನಮ್ಮಣ್ಣನ ಮನಿಗಿ, ಹೆಣ್ಣುಹುಡುಗಿ ಸ್ವಾದರಮಾವನ ಮನಿಗಿ. ಅದನ್ನೇನು ಬರಿಯೋದು?”

ಗಂಟು ಕಟ್ಟುತ್ತಿದ್ದ ಹಣಮಮ್ಮನ ಕೈ ನಿಂತಿತು. ಏನೋ ಹೇಳಲು ಬಾಯಿ ತೆರೆದವಳು ಹೇಳಲಿಲ್ಲ. ಹಂಪಣ್ಣ ಅದನ್ನು ನೋಡಿದ, ಆದರೆ ಬಸ್ಸಿನ ಹೊತ್ತಾಗಿತ್ತು.

ಮಲ್ಲಯ್ಯನ ದರ್ಶನ ಚೆನ್ನಾಗಿಯೇ ಆಯಿತು. ಹೋದ ಹಾಗೆ ತಿರುಗಿಯೂ ಬಂದರು. “ನೋಡ್ರಿ ಸಾಬ್ರ, ಗಟ್ಟಿಯಾಗೇ ಬಂದೀವಿ” ಎಂದು ಹಂಪಣ್ಣ ಕುತುಬುದ್ದೀನನ ಕೈಗೆ ತೆಂಗಿನಕಾಯಿ ಇಟ್ಟು ಮೀಸೆ ತಿರುವಿದ.

ಮರುವಾರ ದೇವದುರ್ಗದಿಂದ ಹಣಮಮ್ಮನ ತಮ್ಮ ಯಂಕಣ್ಣ ಬಂದ. ಈ ಅಕ್ಕ ತಮ್ಮಂದಿರ ವಿಷಯ ಸ್ವಲ್ಪ ಹೇಳಬೇಕು. ಯಾಪಲದಿನ್ನಿಯಲ್ಲಿ ಇವರ ತಾಯಿ ತಂದೆ ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಹಣಮಮ್ಮ ತಾಯಮ್ಮನಷ್ಟಿದ್ದಳು, ಯಂಕಣ್ಣ ಮಾರೆಪ್ಪನಷ್ಟಿದ್ದ. ಪದ್ಧತಿಯಂತೆ ಹುಡುಗಿಯನ್ನು ಮಾನ್ವಿಗೆ ಸೋದರಮಾವ ಕರೆದೊಯ್ದ, ಹುಡುಗನನ್ನು ದೇವದುರ್ಗಕ್ಕೆ ಚಿಕ್ಕಪ್ಪ ಕರೆದೊಯ್ದ. ಇಬ್ಬರಿಗೂ ಅಲ್ಲಿ ಊಟಕ್ಕೆ, ಬಟ್ಟೆಗೆ, ಪ್ರೀತಿಗೆ ಏನೂ ಕಡಿಮೆಯಾಗಲಿಲ್ಲ.

ಹಣಮಮ್ಮ ಸಡಗರದಿಂದ ಪುಂಡಿಪಲ್ಯ, ಜೋಳದ ರೊಟ್ಟಿ ಮಾಡಿ, ತಮ್ಮನ ತಾಟಿನ ತುಂಬ ಕೆಂಪು ಚಟ್ನಿ ಹಾಕಿದಳು. ಯಂಕಣ್ಣನ ಕಣ್ಣಲ್ಲಿ ನೀರು, ಮೂಗಲ್ಲಿ ನೀರು.

“ತಮ್ಮಾ, ನಿನಗ ಖಾರ ನಡೀತದೇನು?”

“ನಡೀತದ್ರಿ ಅಕ್ಕಾರ. ಬೇಸಿ ಆಗ್ಯಾದ್ರಿ, ಚಲೋ ರುಚಿ ಅದ.”

ಪಾಪ, ನಡೆಯುತ್ತಿರಲಿಲ್ಲ. ಎದುರಿಗೆ ಕೂತ ಹಂಪಣ್ಣನಿಗೆ ಅದು ತಿಳಿಯಿತು. ಆಗಲೇ ಅವನ ಕಣ್ಣು ಈ ಕಡೆ ಮಕ್ಕಳ ಮೇಲೆ ಬಿತ್ತು. ತಾಯಮ್ಮ ಏನೋ ಹರಟುತ್ತ, ಕಣ್ಣು ಎತ್ತ ಕಡೆಯೋ ಇಟ್ಟುಕೊಂಡು, ತಮ್ಮನ ತಾಟಿನಿಂದ ಮೆಣಸಿನಕಾಯಿ ಆರಿಸಿ ತನ್ನ ತಾಟಿಗೆ ಹಾಕಿಕೊಳ್ಳುತ್ತಿದ್ದಳು. ಅವಳಿಗೆ ಯಾರೂ ಹೇಳಿರಲಿಲ್ಲ.

ಉಂಡಾದ ಮೇಲೆ ಯಂಕಣ್ಣ ಮಕ್ಕಳನ್ನು ಬಜಾರಕ್ಕೆ ಕರೆದುಕೊಂಡು ಹೋದ. ಪಾತ್ರೆ ತಿಕ್ಕುತ್ತಿದ್ದ ಹೆಂಡತಿಯ ಹತ್ತಿರ ಹಂಪಣ್ಣ ಹೋಗಿ ಕೂತ.

“ಹಣಮೀ, ಅವತ್ತು ಸಾಬ್ರ ಮುಂದ ಏನೋ ಹೇಳಾಕ ಬಂದಿದ್ದಿ.”

“ಏನಿಲ್ರಿ. ನಮ್ಮ ಮಾವ ನನ್ನ ಮಗಳಂಗ ನೋಡ್ಯಾನ, ನಮ್ಮ ಕಾಕಾ ಅವನ್ನ ಮಗನಂಗ ನೋಡ್ಯಾನ. ಅವರಿಗಿ ಹೆಸರಿಡಾಂಗಿಲ್ಲ. ಆದ್ರ ನನ್ನ ತಮ್ಮ ಖಾರ ತಿಂತಾನೋ ಇಲ್ಲೋ ಅಂತ ನಾ ಕೇಳಿ ತಿಳಕೋಬೇಕ್ರಿ. ನಾವು ಅಕ್ಕ ತಮ್ಮ ಆಗಿ ಬೆಳೀಲಿಲ್ಲ. ಬೀಗರಾಗಿ ಉಳಿದ್ವಿ.” ಆಕೆ ಮುಂಗೈಯಿಂದ ಕಣ್ಣೊರೆಸಿಕೊಂಡಳು. “ನಮ್ಮ ಮಕ್ಕಳಿಗಿ ಹಂಗ ಆಗಬಾರದು.”

ಹಂಪಣ್ಣ ಅಂಗಡಿಯ ಬಾಗಿಲು ತೆರೆಯದೆ ಸೀದಾ ಕುತುಬುದ್ದೀನನ ಬೆಂಚಿಗೆ ಹೋದ.

“ಸಾಬ್ರ, ಆ ವಿಲ್ಲಿಗಿ ಎಷ್ಟು ಖರ್ಚು ಬರ್ತದ?”

“ಒಂದು ಬಿಳಿ ಹಾಳಿ. ಸ್ಟಾಂಪ್ ಕಾಗದ ಬೇಕಾಗಿಲ್ಲ. ನೀ ತಿಳಿವಳಿಕೀಲೆ, ಯಾರ ಒತ್ತಾಯ ಇಲ್ಲದ ಬರೆಸಿ, ಇಬ್ಬರು ಸಾಕ್ಷಿ ಮುಂದ ಸಹಿ ಮಾಡಬೇಕು. ಸಹಿ ಬರದಿದ್ರ ಹೆಬ್ಬೆಟ್ಟು. ಅವರೂ ನಿನ್ನ ಮುಂದೇ ಸಹಿ ಹಾಕಬೇಕು. ಪಾಲು ಸಿಗೋರನ್ನ ಸಾಕ್ಷಿ ಮಾಡಬ್ಯಾಡ. ರಿಜಿಸ್ಟ್ರಿ ಮಾಡಲೇಬೇಕಂತಿಲ್ಲ, ಮಾಡಿಸಿದ್ರ ಗಟ್ಟಿ.”

“ಬರೆದ ಮ್ಯಾಲ ಮನಿ ನನ್ನ ಕೈ ಬಿಟ್ಟು ಹೋಗ್ತದೇನು?”

“ಎಲ್ಲಿಗಿ ಹೋಗ್ತದ? ನೀ ಇರೋ ತನಕ ನಿನ್ನದೇ. ಮನಸ್ಸು ಬದಲಾದ್ರ ಹರಿದು ಹೊಸಾದು ಬರಿ. ನಿನ್ನ ಸ್ವಂತ ಗಳಿಕೀದು ನಿನ್ನ ಮನಸ್ಸಿಗಿ ಬಂದಂಗ ಬರೀಬಹುದು, ಹಿರಿಯರ ಆಸ್ತ್ಯಾಗ ನಿನ್ನ ಪಾಲಷ್ಟೇ.”

“ಮಕ್ಕಳು?”

“ನೀ ಹೋದ್ರ ತಾಯಿ ಇರ್ತಾಳ. ಇಬ್ಬರೂ ಇಲ್ಲಂದ್ರ ಯಾರು ಪಾಲಕರು ಅಂತ ಹೆಸರು ಬರೀರಿ. ಗಂಡ ಒಂದು, ಹೆಂಡ್ತಿ ಒಂದು, ಬ್ಯಾರೆ ಬ್ಯಾರೆ ಕಾಗದ, ಹೆಸರು ಮಾತ್ರ ಒಂದೇ ಇರಲಿ. ಆ ಪಾಲಕ ಕೋರ್ಟಿನ ಅಪ್ಪಣಿ ಇಲ್ಲದ ಮಕ್ಕಳ ಮನಿ ಮಾರಾಂಗಿಲ್ಲ. ಆದ್ರ ಕೇಳದೆ ಯಾರ ಹೆಸರೂ ಬರೀಬ್ಯಾಡ ಮತ್ತ!”

ಸಂಜೆ ಹಂಪಣ್ಣ, ನಾವಿಬ್ಬರೂ ಇಲ್ಲದಿದ್ದರೆ ಮಕ್ಕಳ ಪಾಲಕನಾಗುತ್ತೀಯಾ ಎಂದು ಯಂಕಣ್ಣನನ್ನು ಕೇಳಿಯೇ ಬಿಟ್ಟ. ಯಂಕಣ್ಣ ಬಜಾರದಿಂದ ತಂದ ಪೀಪಿಗಾಗಿ ಜಗಳಾಡುತ್ತಿದ್ದ ಮಕ್ಕಳನ್ನೇ ನೋಡಿದ.

“ಇಬ್ಬರ್ನೂ ಏನ್ರಿ ಮಾವಾ?”

“ಇಬ್ಬರ್ನೂ. ಒಂದೇ ಮನ್ಯಾಗ.”

“ಹಂಗಾದ್ರ ಆಗಲಿ. ಒಬ್ಬರನ್ನಷ್ಟೇ ಇಟ್ಕೋ ಅಂದಿದ್ರ ಒಲ್ಲೆ ಅಂತಿದ್ದೆ.”

ಹಂಪಣ್ಣ ಬಾಗಲವಾಡಕ್ಕೆ ಹೋಗಿ ಅಣ್ಣನಿಗೂ ಹೇಳಿ ಬಂದ. ಅಣ್ಣ ಮೊದಲು ಮುಖ ಊದಿಸಿಕೊಂಡ, ಆಮೇಲೆ ಹಣಮಮ್ಮ ಹೇಳಿದ್ದನ್ನು ಇವನ ಬಾಯಿಂದ ಕೇಳಿ ಒಪ್ಪಿದ. ಮುಂದಿನ ಭಾನುವಾರ ಯಂಕಣ್ಣ ಮತ್ತೆ ಬಂದ, ಎರಡು ವಿಲ್ ಬರೆದದ್ದಾಯಿತು. ಎರಡರಲ್ಲೂ ಮಕ್ಕಳ ಪಾಲಕ ಅವನೇ. ಮನೆ ಹೆಂಡತಿಗೆ, ಆಕೆಯ ನಂತರ ಮಗಳಿಗೂ ಮಗನಿಗೂ ಸಮಪಾಲು. “ಹೆಂಗಸರು ಸಾಕ್ಷಿ ಆಗಬಹುದೇನು?” ಎಂದು ಹಂಪಣ್ಣ ಕೇಳಿದ್ದಕ್ಕೆ, “ಎರಡು ದಿನ ನಿನ್ನ ಮಕ್ಕಳನ್ನ ಕಾದಾಕಿ ನಾನು, ಸಹಿ ಮಾಡಾಕ ಬರಾಂಗಿಲ್ಲೇನು?” ಎಂದು ಮುನವ್ವರ್ ಬೀ ಗಂಡನ ಕೈಯಿಂದ ಪೆನ್ನು ಕಸಿದು ಉರ್ದುವಿನಲ್ಲಿ ಸಹಿ ಹಾಕಿದಳು. ಇನ್ನೊಬ್ಬ ಸಾಕ್ಷಿ ಕುತುಬುದ್ದೀನ್.

ಎಲ್ಲರೂ ಊಟಕ್ಕೆ ಕೂತರು. ಹಣಮಮ್ಮ ಎಂದಿನಂತೆ ಚಟ್ನಿಯ ಬಟ್ಟಲು ಹಿಡಿದು ಬಂದಳು. ಯಂಕಣ್ಣ ತಾಟಿಗೆ ಕೈ ಅಡ್ಡ ಹಿಡಿದ.

“ಅಕ್ಕಾ, ಇದು ನನಗ ಆಗಾಂಗಿಲ್ಲ. ಎಂದೂ ಆಗಿಲ್ಲ. ಮೊಸರು ಹಾಕಬೇ.”

ಹಣಮಮ್ಮ ಬಟ್ಟಲು ಹಿಡಿದೇ ನಿಂತಳು. ಆಮೇಲೆ ನಕ್ಕಳು, ನಗುತ್ತಲೇ ಅತ್ತಳು, ಗಡಿಗೆಯಲ್ಲಿದ್ದ ಮೊಸರನ್ನೆಲ್ಲ ತಮ್ಮನ ತಾಟಿಗೆ ಸುರಿದಳು.

ಹಂಪಣ್ಣ, ಹಣಮಮ್ಮ ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆ. ಎರಡೂ ವಿಲ್ ಟ್ರಂಕಿನಲ್ಲಿವೆ. ಅವು ಅಲ್ಲಿರುವುದು ಮುನವ್ವರ್ ಬೀಗೂ ಯಂಕಣ್ಣನಿಗೂ ಗೊತ್ತಿದೆ.

ಅಕ್ಕಂದಿರೇ, ಅಣ್ಣಂದಿರೇ, ಮಕ್ಕಳನ್ನು ಎರಡು ದಿನ ಬಿಟ್ಟು ಹೋಗುವಾಗ ನೀವೂ ನೂರು ಮಾತು ಹೇಳುತ್ತೀರಿ. ಅದರ ಜೊತೆಗೆ ಈ ಒಂದು ಮಾತನ್ನೂ ಬರೆದಿಡಿ. ಒಂದೊಂದು ಧರ್ಮದವರಿಗೆ ವಿಲ್ಲಿನ ಕಾನೂನು ಒಂದೊಂದು ಬಗೆ ಇದೆ, ನಿಮ್ಮದನ್ನು ತಿಳಿದವರ ಹತ್ತಿರ ಕೇಳಿ ಬರೆಸಿ. ಇಂದು ಊಟಕ್ಕೆ ಕೂತಾಗ ನಿಮ್ಮ ಮಕ್ಕಳನ್ನು ಒಮ್ಮೆ ನೋಡಿ. ಯಾರ ತಾಟಿನ ಮೆಣಸಿನಕಾಯಿ ಯಾರು ಆರಿಸುತ್ತಾರೆ ಎಂಬುದು ನಿಮಗೆ ಗೊತ್ತು. ನೀವಿಲ್ಲದಾಗಲೂ ಅವರು ಒಂದೇ ಸಾಲಿನಲ್ಲಿ ಕೂತು ಉಣ್ಣಲಿ.